ನಾಲ್ಕು ಪೆಟ್ಟಿಗೆ, ನಾಲ್ಕು ಆಯಿಲ್: ಫೋರ್‌ವ್ಹೀಲ್ ಪಿಕಪ್‌ನ ದೋಷವನ್ನು ಆಯಿಲಿನಿಂದಲೇ ಪತ್ತೆಹಚ್ಚುವ ಕ್ರಮ

ಮಳೆಗಾಲ ಮುಗಿದು ಕಾಫಿ ಕೊಯ್ಲು ಆರಂಭವಾಗುವ ಮುನ್ನ, ಅಂದರೆ ಅಕ್ಟೋಬರ್–ನವೆಂಬರ್ ತಿಂಗಳುಗಳಲ್ಲಿ, ಮೂಡಿಗೆರೆ, ಸಕಲೇಶಪುರ, ಸೋಮವಾರಪೇಟೆ ಕಡೆಯ ತೋಟಗಳ ಫೋರ್‌ವ್ಹೀಲ್ (ನಾಲ್ಕೂ ಚಕ್ರಗಳಿಗೆ ಎಂಜಿನ್ ಶಕ್ತಿ ಕೊಡಬಲ್ಲ) ಪಿಕಪ್‌ಗಳ ಬಗ್ಗೆ ಕೇಳಿಬರುವ ದೂರುಗಳು ಹೆಚ್ಚುಕಡಿಮೆ ಒಂದೇ ಬಗೆಯವು. ಬೆಳಿಗ್ಗೆ ಎರಡನೆಯ ಗೇರ್ ಬೀಳುವುದಿಲ್ಲ. ಅರವತ್ತರ ವೇಗದಲ್ಲಿ ಹಿಂದಿನಿಂದ ಗುಂಯ್ ಎಂಬ ಸದ್ದು ಬರುತ್ತದೆ. ಹಿಂದಿನ ಚಕ್ರದ ಒಳಮೈ ಆಯಿಲಿನಿಂದ ತೊಯ್ದಿದೆ. ಫೋರ್‌ವ್ಹೀಲ್ ಹಾಕಿದರೆ ತಿರುವಿನಲ್ಲಿ ಗಾಡಿ ಯಾರೋ ಹಿಡಿದೆಳೆದಂತೆ ನಿಲ್ಲುತ್ತದೆ. ಇಷ್ಟು ಕೇಳಿದ ಕೂಡಲೇ ಗೇರ್‌ಬಾಕ್ಸ್ ಇಳಿಸಬೇಕು, ಆಕ್ಸಲ್ ನಡುವಿನ ಕ್ರೌನ್ ಪಿನಿಯನ್ ಹಲ್ಲುಚಕ್ರಗಳನ್ನು ಬದಲಿಸಬೇಕು ಎಂಬ ಮಾತು ಹೊರಡುತ್ತದೆ. ಹಾಗೆ ಇಳಿಸುವ ಮೊದಲು ಗಾಡಿಯ ಅಡಿಗೆ ಹೋಗಿ ನಾಲ್ಕು ಪ್ಲಗ್‌ಗಳನ್ನು ಬಿಚ್ಚಿ, ಒಳಗಿನ ಆಯಿಲ್ ಎಷ್ಟಿದೆ, ಯಾವ ಬಣ್ಣದಲ್ಲಿದೆ, ಅದರಲ್ಲಿ ಏನು ಸೇರಿಕೊಂಡಿದೆ ಎಂಬುದನ್ನು ನೋಡಿದರೆ, ದೋಷ ಯಾವ ಪೆಟ್ಟಿಗೆಯದು ಎಂಬುದು ಬಹುಪಾಲು ಸಂದರ್ಭಗಳಲ್ಲಿ ಅಲ್ಲೇ ತಿಳಿಯುತ್ತದೆ. ಆ ನೋಡುವ ಕ್ರಮವನ್ನು ಇಲ್ಲಿ ವಿವರಿಸಿದ್ದೇನೆ.

ನಮ್ಮಲ್ಲಿ ಓಡುವ ಫೋರ್‌ವ್ಹೀಲ್ ಪಿಕಪ್‌ಗಳು, ಅಂದರೆ ಬೊಲೆರೊ ಕ್ಯಾಂಪರ್, ಸ್ಕಾರ್ಪಿಯೊ ಗೆಟ್‌ಅವೇ, ಟಾಟಾ ಝೆನಾನ್, ಇಸುಝು ವಿ-ಕ್ರಾಸ್, 2022ರಲ್ಲಿ ಭಾರತಕ್ಕೆ ಬಂದ ಟೊಯೋಟ ಹೈಲಕ್ಸ್ ಇವುಗಳ ಫೋರ್‌ವ್ಹೀಲ್ ಮಾದರಿಗಳು, ಎಲ್ಲವೂ ಅಗತ್ಯವಿದ್ದಾಗ ಮಾತ್ರ ಮುಂದಿನ ಚಕ್ರಗಳಿಗೆ ಶಕ್ತಿ ಕೊಡುವ ಪಾರ್ಟ್-ಟೈಮ್ ವ್ಯವಸ್ಥೆಯವು. ಇವುಗಳಲ್ಲಿ ಗೇರ್‌ಬಾಕ್ಸ್, ಅದರ ಬೆನ್ನಿಗೆ ಅಂಟಿಕೊಂಡು ಶಕ್ತಿಯನ್ನು ಮುಂದಕ್ಕೂ ಹಿಂದಕ್ಕೂ ಹಂಚುವ ಟ್ರಾನ್ಸ್‌ಫರ್ ಕೇಸ್, ಎಡಬಲ ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಮುಂದಿನ ಡಿಫರೆನ್ಷಿಯಲ್, ಹಿಂದಿನ ಡಿಫರೆನ್ಷಿಯಲ್ ಎಂದು ನಾಲ್ಕು ಪೆಟ್ಟಿಗೆಗಳಿವೆ. ಒಂದೊಂದಕ್ಕೂ ತನ್ನದೇ ಆಯಿಲ್, ತನ್ನದೇ ಪ್ಲಗ್, ತನ್ನದೇ ಉಸಿರುನಳಿಗೆ ಇರುತ್ತದೆ. ನಾಲ್ಕಕ್ಕೂ ಒಂದೇ ಡಬ್ಬದಿಂದ ಸುರಿಯುವುದೇ ನಾನು ಕಂಡ ತೊಂದರೆಗಳ ದೊಡ್ಡ ಮೂಲ. ಆದ್ದರಿಂದ ಆಯ್ಕೆಯ ವಿಷಯವನ್ನೇ ಮೊದಲು ಹೇಳುತ್ತೇನೆ.

ಯಾವ ಪೆಟ್ಟಿಗೆಗೆ ಯಾವ ಆಯಿಲ್

ಅಂಗಡಿಯಲ್ಲಿ ‘ನೈಂಟಿ ಆಯಿಲ್ ಕೊಡಿ’ ಎಂದು ಕೇಳುವುದು ರೂಢಿ. ಈ 90 ಎಂಬ ಸಂಖ್ಯೆ ಆಯಿಲಿನ ಸ್ನಿಗ್ಧತೆಯನ್ನು ಮಾತ್ರ ಹೇಳುತ್ತದೆ; ಅದರೊಳಗೆ ಏನು ಬೆರೆಸಿದ್ದಾರೆ ಎಂಬುದನ್ನು ಹೇಳುವುದಿಲ್ಲ. ವಾಹನ ಎಂಜಿನಿಯರುಗಳ ಸಂಸ್ಥೆಯಾದ ಎಸ್‌ಎಇಯ ಮಾನದಂಡದ ಪ್ರಕಾರ 90 ದರ್ಜೆಯ ಗೇರ್ ಆಯಿಲ್ 100 ಡಿಗ್ರಿ ಸೆಲ್ಸಿಯಸ್‌ನಲ್ಲಿ 13.5ರಿಂದ 18.5 ಸೆಂಟಿಸ್ಟೋಕ್ಸ್ (ಸ್ನಿಗ್ಧತೆಯ ಏಕಮಾನ) ನಡುವೆ ಇರಬೇಕು. ಎಂಜಿನ್ ಆಯಿಲಿನ 40 ದರ್ಜೆಯದು ಅದೇ ತಾಪಮಾನದಲ್ಲಿ 12.5ರಿಂದ 16.3ರ ಒಳಗೆ ಇರುತ್ತದೆ. ಅಂದರೆ 90 ಎಂದ ಮಾತ್ರಕ್ಕೆ ಅದು 40ಕ್ಕಿಂತ ಎರಡು ಪಟ್ಟು ಗಟ್ಟಿ ಎಂದು ತಿಳಿಯುವುದು ತಪ್ಪು. ಎರಡೂ ಬೇರೆ ಬೇರೆ ಅಳತೆಗೋಲುಗಳು. ಕೆಲವು ಪಿಕಪ್‌ಗಳ ಗೇರ್‌ಬಾಕ್ಸ್‌ಗೆ ತಯಾರಕರೇ ಎಂಜಿನ್ ಆಯಿಲ್ ಸೂಚಿಸಿರುವುದನ್ನು ಕಂಡು ಗಾಬರಿಯಾಗಬೇಕಾಗಿಲ್ಲ ಎಂಬುದಕ್ಕೆ ಕಾರಣ ಇದೇ.

ಸ್ನಿಗ್ಧತೆಗಿಂತ ಮುಖ್ಯವಾದದ್ದು ಡಬ್ಬದ ಮೇಲಿನ ಎರಡನೆಯ ಸಾಲು: ಅಮೆರಿಕದ ಪೆಟ್ರೋಲಿಯಂ ಸಂಸ್ಥೆ ಎಪಿಐಯ ಗೇರ್ ಆಯಿಲ್ ದರ್ಜೆ, ಅಂದರೆ ಜಿಎಲ್-4 ಅಥವಾ ಜಿಎಲ್-5. ಡಿಫರೆನ್ಷಿಯಲ್ ಒಳಗಿನ ಪಿನಿಯನ್, ಕ್ರೌನ್ ಚಕ್ರದ ನಡುಗೆರೆಗಿಂತ ಕೆಳಗೆ ಕೂತಿರುತ್ತದೆ. ಹೈಪಾಯ್ಡ್ ಎಂದು ಕರೆಯುವ ಈ ಜೋಡಣೆಯಲ್ಲಿ ಹಲ್ಲಿನ ಮೇಲೆ ಹಲ್ಲು ಉರುಳುವುದರ ಜೊತೆಗೆ ಅಪಾರ ಒತ್ತಡದಲ್ಲಿ ಜಾರುತ್ತದೆ. ಆ ಜಾರುವಿಕೆಯಲ್ಲಿ ಆಯಿಲಿನ ಪದರ ಹರಿದುಹೋದಾಗಲೂ ಲೋಹಕ್ಕೆ ಲೋಹ ಅಂಟಿಕೊಳ್ಳದಂತೆ ಗಂಧಕ ಮತ್ತು ರಂಜಕದ ಸಂಯುಕ್ತಗಳನ್ನು ಬೆರೆಸಿರುತ್ತಾರೆ. ಅವು ಬಿಸಿಯಾದ ಉಕ್ಕಿನ ಮೇಲೆ ತೆಳ್ಳಗಿನ ರಾಸಾಯನಿಕ ಪೊರೆಯಾಗಿ ಕೂತು, ಹಲ್ಲಿನ ಬದಲು ತಾವು ಸವೆಯುತ್ತವೆ. ಜಿಎಲ್-5 ಆಯಿಲಿನಲ್ಲಿ ಈ ಸಂಯುಕ್ತಗಳ ಪ್ರಮಾಣ ಜಿಎಲ್-4ಕ್ಕಿಂತ ಸರಿಸುಮಾರು ಎರಡರಷ್ಟು. ಹಾಗಾಗಿ ಹಿಂದಿನ, ಮುಂದಿನ ಡಿಫರೆನ್ಷಿಯಲ್‌ಗಳಿಗೆ ಜಿಎಲ್-5 ಬೇಕೇ ಬೇಕು. ಅಲ್ಲಿ ಜಿಎಲ್-4 ಹಾಕಿ ತೋಟದ ಏರಿನಲ್ಲಿ ಹೊರೆ ಎಳೆದರೆ ಹಲ್ಲು ಉಳಿಯುವುದಿಲ್ಲ.

ಇದೇ ಗುಣ ಗೇರ್‌ಬಾಕ್ಸ್‌ನಲ್ಲಿ ಕೆಡುಕಾಗುತ್ತದೆ. ಗೇರ್ ಬದಲಿಸುವಾಗ ಎರಡು ವೇಗಗಳನ್ನು ಸರಿದೂಗಿಸುವ ಸಿಂಕ್ರೊ ಉಂಗುರಗಳು ಅನೇಕ ಗೇರ್‌ಬಾಕ್ಸ್‌ಗಳಲ್ಲಿ ಹಿತ್ತಾಳೆಯವು. ಅವು ಕೆಲಸ ಮಾಡಬೇಕಾದರೆ ಶಂಕುವಿನ ಮೇಲೆ ಕ್ಷಣಮಾತ್ರ ಹಿಡಿತ ಸಿಗಬೇಕು. ಜಿಎಲ್-5 ಅಲ್ಲಿ ಜಾರಿಸುತ್ತದೆ, ಸಾಲದ್ದಕ್ಕೆ ಅದರಲ್ಲಿರುವ ಸಕ್ರಿಯ ಗಂಧಕ ಬಿಸಿಯಲ್ಲಿ ಹಿತ್ತಾಳೆಯನ್ನು ನಿಧಾನವಾಗಿ ತಿನ್ನುತ್ತದೆ. ಸರ್ವಿಸ್ ಮಾಡಿಸಿದ ಮರುವಾರದಿಂದ ಎರಡನೆಯ, ಮೂರನೆಯ ಗೇರ್ ಬಿಗಿಯಾಯಿತು ಎಂದರೆ ಕ್ಲಚ್ ಪ್ಲೇಟಿನ ಕಡೆ ಹೋಗುವ ಮೊದಲು ಯಾವ ಡಬ್ಬ ಸುರಿದರು ಎಂದು ಕೇಳಬೇಕು. ನಮ್ಮದೇ ಪಿಕಪ್‌ಗೆ ಹೀಗಾಗಿತ್ತು. ಸರಿಯಾದ 75ಡಬ್ಲ್ಯೂ-90 ಜಿಎಲ್-4 ಹಾಕಿ ಎರಡು ದಿನ ಓಡಿಸಿದ ಮೇಲೆ ಗೇರ್ ಮೊದಲಿನಂತೆ ಬೀಳತೊಡಗಿತು. ಉಂಗುರಗಳು ಸವೆಯುವ ಮೊದಲೇ ಗೊತ್ತಾದದ್ದು ನಮ್ಮ ಅದೃಷ್ಟ. ಡಬ್ಬದ ಮೇಲೆ ‘ಜಿಎಲ್-4/ಜಿಎಲ್-5’ ಎಂದು ಎರಡನ್ನೂ ಅಚ್ಚು ಹಾಕಿದ್ದರೆ, ಸಿಂಕ್ರೊ ಇರುವ ಗೇರ್‌ಬಾಕ್ಸ್‌ಗೆ ಅದು ಸೂಕ್ತ ಎಂದು ಆಯಿಲ್ ತಯಾರಕರು ಸ್ಪಷ್ಟವಾಗಿ ಬರೆದಿದ್ದಾರೆಯೇ ಎಂದು ನೋಡಿಕೊಂಡೇ ಬಳಸಬೇಕು.

75ಡಬ್ಲ್ಯೂ, 80ಡಬ್ಲ್ಯೂ ಎಂಬ ಮುನ್ಸಂಖ್ಯೆಗಳು ಚಳಿಯಲ್ಲಿನ ಹರಿವನ್ನು ಸೂಚಿಸುತ್ತವೆ. ಮೊದಲನೆಯದನ್ನು ಸೊನ್ನೆಗಿಂತ 40 ಡಿಗ್ರಿ ಕೆಳಗೆ, ಎರಡನೆಯದನ್ನು 26 ಡಿಗ್ರಿ ಕೆಳಗೆ ಪರೀಕ್ಷಿಸಿರುತ್ತಾರೆ. ಮಲೆನಾಡಿನಲ್ಲಿ ಅಷ್ಟು ಚಳಿ ಎಲ್ಲಿಯದು ಎಂದು ಕೇಳಬಹುದು. ಆದರೂ ಡಿಸೆಂಬರ್‌ನ ಮುಂಜಾವಿನಲ್ಲಿ ಮೊದಲ ಎರಡು ಕಿಲೋಮೀಟರ್ ಗೇರ್ ಬಿಗಿಯಿದ್ದು, ಬಿಸಿಯಾದ ಮೇಲೆ ಸಲೀಸಾಗುವುದಾದರೆ 75ಡಬ್ಲ್ಯೂ-90ಗೆ ಬದಲಿಸಿದಾಗ ಆ ವ್ಯತ್ಯಾಸ ಕೈಗೆ ತಿಳಿಯುತ್ತದೆ. ಡಿಫರೆನ್ಷಿಯಲ್‌ಗೆ 80ಡಬ್ಲ್ಯೂ-90 ಸಾಕು. ಸದಾ ಹೊರೆ ಎಳೆಯುವ ಗಾಡಿಗೆ ಕೈಪಿಡಿ ಅನುಮತಿಸಿದ್ದರೆ ಮಾತ್ರ 85ಡಬ್ಲ್ಯೂ-140 ಹಾಕಬಹುದು.

ಟ್ರಾನ್ಸ್‌ಫರ್ ಕೇಸ್ ವಿಷಯದಲ್ಲಿ ಊಹೆ ಸಲ್ಲದು. ಒಳಗೆ ಗೇರುಗಳೇ ಇರುವ ಹಳೆಯ ಮಾದರಿಗಳಿಗೆ ಗೇರ್ ಆಯಿಲ್ ಬೇಕು. ಸರಪಳಿಯಿಂದ ಮುಂದಿನ ಶಾಫ್ಟ್ ತಿರುಗಿಸುವ ಅನೇಕ ಮಾದರಿಗಳಿಗೆ ಆಟೊಮ್ಯಾಟಿಕ್ ಟ್ರಾನ್ಸ್‌ಮಿಶನ್ ಫ್ಲೂಯಿಡ್, ಅಂದರೆ ಎಟಿಎಫ್ ಬೇಕು. ಎಟಿಎಫ್‌ನಲ್ಲಿ ಗುರುತಿಗೆಂದು ಕೆಂಪು ಬಣ್ಣ ಬೆರೆಸಿರುತ್ತಾರೆ, ಈ ಬಣ್ಣ ಮುಂದೆ ನಮಗೆ ಉಪಯೋಗಕ್ಕೆ ಬರುತ್ತದೆ. ಹಳೆಯ ಕೈಪಿಡಿಗಳಲ್ಲಿ ಡೆಕ್ಸ್‌ರಾನ್-3 ಎಂದು ಬರೆದಿರುತ್ತದೆ. ಜನರಲ್ ಮೋಟರ್ಸ್ ಆ ದರ್ಜೆಗೆ ಪರವಾನಗಿ ಕೊಡುವುದನ್ನು 2006ರ ಕೊನೆಗೆ ನಿಲ್ಲಿಸಿತು. ಆದ್ದರಿಂದ ಈಗ ಸಿಗುವ ಡಬ್ಬಗಳಲ್ಲಿ ಹೆಸರಿಗಿಂತ, ನಿಮ್ಮ ವಾಹನ ತಯಾರಕರ ಸೂಚಿತ ಸಂಖ್ಯೆ ಇದೆಯೇ ಎಂಬುದನ್ನು ನೋಡಬೇಕು.

ಕಿವಿಯಿಂದ ಆರಂಭ

ಪ್ಲಗ್ ಬಿಚ್ಚುವ ಮೊದಲು ಒಮ್ಮೆ ಓಡಿಸಿ ನೋಡಬೇಕು. ಸಮತಟ್ಟಾದ, ನೇರವಾದ ರಸ್ತೆಯಲ್ಲಿ, ಟು-ವ್ಹೀಲ್‌ನಲ್ಲಿ, ಗಾಜು ಏರಿಸಿ, ಸದ್ದು ಯಾವಾಗ ಬರುತ್ತದೆ ಎಂಬುದನ್ನು ಗಮನಿಸಬೇಕು. ಆಕ್ಸಿಲರೇಟರ್ ಒತ್ತಿದಾಗ ಏರಿ, ಕಾಲು ತೆಗೆದ ಕೂಡಲೇ ಬದಲಾಗುವ ಗುಂಯ್‌ಗುಡುವಿಕೆ ಕ್ರೌನ್ ಪಿನಿಯನ್‌ನದು. ಕಾಲು ಇಟ್ಟರೂ ತೆಗೆದರೂ ಒಂದೇ ಸಮನಾಗಿ ಗರಗರ ಎನ್ನುತ್ತಿದ್ದರೆ ಬೇರಿಂಗ್. ಅದು ಸ್ಟಿಯರಿಂಗನ್ನು ಎಡಕ್ಕೂ ಬಲಕ್ಕೂ ತುಸು ವಾಲಿಸಿದಾಗ ಹೆಚ್ಚುಕಡಿಮೆಯಾದರೆ ಚಕ್ರದ ಬೇರಿಂಗ್. ಗಾಡಿ ನಿಂತಿರುವಾಗ ನ್ಯೂಟ್ರಲ್‌ನಲ್ಲಿ ಸದ್ದಿದ್ದು, ಕ್ಲಚ್ ಒತ್ತಿದರೆ ಅಡಗುವುದಾದರೆ ಅದು ಗೇರ್‌ಬಾಕ್ಸ್‌ನ ಇನ್‌ಪುಟ್ ಶಾಫ್ಟ್ ಕಡೆಯದು. ನಾಲ್ಕನೆಯ ಗೇರ್ ನೇರ ಸಂಪರ್ಕದ್ದಾಗಿರುವ ಗೇರ್‌ಬಾಕ್ಸ್‌ಗಳಲ್ಲಿ ಉಳಿದ ಗೇರುಗಳಲ್ಲೆಲ್ಲ ಸದ್ದಿದ್ದು, ನಾಲ್ಕರಲ್ಲಿ ಮಾತ್ರ ಮಾಯವಾಗುತ್ತಿದ್ದರೆ ಇನ್‌ಪುಟ್‌ನಿಂದ ಔಟ್‌ಪುಟ್‌ಗೆ ಶಕ್ತಿ ದಾಟಿಸುವ ಕೆಳಗಿನ ಲೇ ಶಾಫ್ಟ್ ಬೇರಿಂಗನ್ನು ಸಂಶಯಿಸಬೇಕು, ಏಕೆಂದರೆ ನಾಲ್ಕರಲ್ಲಿ ಆ ಶಾಫ್ಟ್ ಮೇಲೆ ಹೊರೆ ಬೀಳುವುದಿಲ್ಲ.

ಹೊರಡುವಾಗ ಒಮ್ಮೆ, ರಿವರ್ಸ್ ಹಾಕಿದಾಗ ಒಮ್ಮೆ ‘ಠಣ್’ ಎಂದು ಹೊಡೆಯುವ ಸದ್ದನ್ನು ಡಿಫರೆನ್ಷಿಯಲ್ ಮೇಲೆ ಹೊರಿಸುವವರು ಬಹಳ. ಅದಕ್ಕೂ ಮುನ್ನ ಡಿಫರೆನ್ಷಿಯಲ್‌ಗೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್‌ನ ಕ್ರಾಸ್‌ಗಳಿಗೂ (ಬಾಗುವ ಕೀಲುಗಳು) ಜಾರುವ ಸ್ಪ್ಲೈನ್‌ಗೂ (ಗೀರು ಕೊರೆದ ಜೋಡಣೆ) ಗ್ರೀಸ್ ಹೊಡೆದು ನೋಡಬೇಕು. ಕ್ರಾಸ್‌ನ ನಾಲ್ಕೂ ಟೋಪಿಗಳಿಂದ ಹೊಸ ಗ್ರೀಸ್ ಇಣುಕುವವರೆಗೆ ಗನ್ ಒತ್ತಬೇಕು. ಒಂದರಿಂದ ಮಾತ್ರ ಕೆಂಪು ಪುಡಿಯಂಥ ತುಕ್ಕು ಉದುರಿದರೆ ಆ ಕ್ರಾಸ್ ಹೋಗಿದೆ ಎಂದೇ ಅರ್ಥ.

ಓಡಿಸಿ ಬಂದ ಕೂಡಲೇ ಮಾಡಬಹುದಾದ ಇನ್ನೊಂದು ಸರಳ ಪರೀಕ್ಷೆಯಿದೆ. ಇಪ್ಪತ್ತು–ಮೂವತ್ತು ಕಿಲೋಮೀಟರ್ ಟು-ವ್ಹೀಲ್‌ನಲ್ಲಿ ಓಡಿಸಿ ನಿಲ್ಲಿಸಿ, ಅವಗೆಂಪು ಥರ್ಮಾಮೀಟರ್‌ನಿಂದ ನಾಲ್ಕೂ ಪೆಟ್ಟಿಗೆಗಳ ತಾಪ ಅಳೆಯಬೇಕು. ಶಕ್ತಿಯೆಲ್ಲ ಹಿಂದಿನಿಂದ ಹೋಗುವುದರಿಂದ ಹಿಂದಿನ ಡಿಫರೆನ್ಷಿಯಲ್ ಬಿಸಿಯಿರುವುದು ಸಹಜ. ಮುಂದಿನದು ಅದಕ್ಕಿಂತ ಸಾಕಷ್ಟು ತಣ್ಣಗಿರಬೇಕು. ಮುಂದಿನದೂ ಅಷ್ಟೇ ಬಿಸಿಯಿದ್ದರೆ, ಡ್ಯಾಶ್‌ಬೋರ್ಡ್ ದೀಪ ಏನೇ ಹೇಳಲಿ, ಮುಂದಿನ ಸರಣಿ ಸಂಪರ್ಕದಲ್ಲೇ ಉಳಿದಿದೆಯೇ, ಇಲ್ಲವೇ ಅಲ್ಲಿ ಆಯಿಲ್ ಖಾಲಿಯಾಗಿದೆಯೇ ಎಂಬ ಎರಡನ್ನೂ ನೋಡಬೇಕು.

ಪ್ಲಗ್ ಹೇಳುವುದನ್ನು ಓದುವುದು

ಗಾಡಿ ಸಮತಟ್ಟಾದ ನೆಲದ ಮೇಲಿರಬೇಕು. ಈ ಮಾತನ್ನು ಒತ್ತಿ ಹೇಳುವುದಕ್ಕೆ ಕಾರಣವಿದೆ: ತೋಟಗಳಲ್ಲಿ ಸಮತಟ್ಟಾದ ಜಾಗವೆಂದರೆ ಕಾಫಿ ಒಣಗಿಸುವ ಕಣ ಒಂದೇ, ಅಲ್ಲಿ ಆಯಿಲ್ ಚೆಲ್ಲಲು ಯಾರೂ ಬಿಡುವುದಿಲ್ಲ, ಹಾಗಾಗಿ ಇಳಿಜಾರಿನಲ್ಲೇ ಮಟ್ಟ ನೋಡಿ ತಪ್ಪು ತಿಳಿಯುವುದು ಸಾಮಾನ್ಯ. ಚಕ್ರಗಳಿಗೆ ಅಡ್ಡಗಲ್ಲು ಕೊಟ್ಟು, ಎತ್ತಿದ್ದರೆ ಸ್ಟ್ಯಾಂಡ್ ಮೇಲೆ ಕೂರಿಸಿಯೇ ಅಡಿಗೆ ಹೋಗಬೇಕು. ಜಾಕ್ ಒಂದನ್ನೇ ನಂಬಬಾರದು.

ತುಂಬುವ ಪ್ಲಗ್ ಬಿಚ್ಚಿದಾಗ ಆಯಿಲ್ ರಂಧ್ರದ ಕೆಳ ಅಂಚಿಗೆ ಸರಿಸಮವಾಗಿರಬೇಕು. ಕಿರುಬೆರಳನ್ನು ಒಳಗಿಟ್ಟು ಮಡಚಿದರೆ ತುದಿ ಒದ್ದೆಯಾಗಬೇಕು. ಮೊದಲ ಗೆಣ್ಣು ಒಳಗೆ ಹೋದರೂ ಒಣಗಿಯೇ ಬಂದರೆ ಆ ಪೆಟ್ಟಿಗೆ ಹಸಿದಿದೆ. ಬಿಚ್ಚಿದ ಕೂಡಲೇ ಧಾರೆಯಾಗಿ ಸುರಿದರೆ ಅದಕ್ಕೆ ಹೊರಗಿನಿಂದ ಏನೋ ಸೇರಿದೆ. ಹೆಚ್ಚಾದ ಆಯಿಲ್ ಒಳ್ಳೆಯದೇ ಎಂಬ ನಂಬಿಕೆ ಸರಿಯಲ್ಲ. ಅದು ಹಲ್ಲುಗಳ ಹೊಡೆತಕ್ಕೆ ಸಿಕ್ಕಿ ನೊರೆಯಾಗುತ್ತದೆ, ಬಿಸಿಯಾಗುತ್ತದೆ, ಕೊನೆಗೆ ಸೀಲ್ ದಾಟಿ ಹೊರಬರುತ್ತದೆ.

ಬಸಿಯುವ ಪ್ಲಗ್‌ನಲ್ಲಿ ಸಾಮಾನ್ಯವಾಗಿ ಅಯಸ್ಕಾಂತವಿರುತ್ತದೆ. ಅದರ ಮೇಲೆ ಬೂದು ಬಣ್ಣದ, ಕಾಡಿಗೆಯಂತೆ ನುಣುಪಾದ ಲೇಪವಿದ್ದರೆ ಚಿಂತೆಯಿಲ್ಲ, ಅದು ವಯಸ್ಸಿನ ಸವೆತ. ಬೆರಳ ನಡುವೆ ಉಜ್ಜಿದಾಗ ಚುಚ್ಚುವ ಸೂಜಿಯಂಥ ಚೂರುಗಳು, ಅಕ್ಕಿನುಚ್ಚಿನಷ್ಟು ದಪ್ಪದ ತುಣುಕುಗಳು ಅಥವಾ ಚಕ್ಕೆಗಳು ಸಿಕ್ಕರೆ ಹಲ್ಲೋ ಬೇರಿಂಗೋ ಒಡೆಯುತ್ತಿದೆ. ಆಯಿಲ್ ಬದಲಿಸಿ ಮುಚ್ಚಿಡುವ ಹಂತವನ್ನು ಗಾಡಿ ದಾಟಿದೆ. ನಾನು ಬಸಿದ ಆಯಿಲಿನಿಂದ ಎರಡು ಚಮಚವನ್ನು ಬಿಳಿಯ ಪಿಂಗಾಣಿ ತಟ್ಟೆಗೆ ಹಾಕಿ ಬಿಸಿಲಿನಲ್ಲಿ ಮೆಲ್ಲಗೆ ಓರೆ ಮಾಡುತ್ತೇನೆ. ಗೇರ್‌ಬಾಕ್ಸ್ ಆಯಿಲಾದರೆ ಹರಿಯುವ ಅಂಚಿನಲ್ಲಿ ಚಿನ್ನದ ಧೂಳಿನಂತೆ ಮಿನುಗುವ ಕಣಗಳು ಕಾಣಬಹುದು. ತಟ್ಟೆಯ ಅಡಿಯಲ್ಲಿ ಅಯಸ್ಕಾಂತ ಆಡಿಸಿದರೂ ಅವು ಅಲುಗದಿದ್ದರೆ ಹಿತ್ತಾಳೆ. ಸಿಂಕ್ರೊ ಉಂಗುರಗಳು ಸವೆಯುತ್ತಿವೆ ಎಂದು ಅದರಿಂದ ತಿಳಿಯಬೇಕು. ಹಳೆಯ ಆಯಿಲ್ ಕಪ್ಪಾಗಿರುವುದು ತಾನೇ ದೋಷವಲ್ಲ. ಕಪ್ಪಾಗಿದ್ದು, ಸುಟ್ಟ ವಾಸನೆ ಮೂಗಿಗೆ ಹೊಡೆಯುತ್ತಿದ್ದರೆ ಮಾತ್ರ ಅದು ಅತಿಯಾಗಿ ಬಿಸಿಯಾಗಿದೆ.

ಚಕ್ರದ ಬಳಿ ಆಯಿಲ್, ಪೆಟ್ಟಿಗೆಯೊಳಗೆ ನೀರು

ಮಲೆನಾಡಿನ ಗಾಡಿಗಳಿಗೆ ಇದೇ ದೊಡ್ಡ ಕಾಯಿಲೆ; ಇದಕ್ಕೆ ಕಾರಣವಾದ ಭಾಗ ಹೆಬ್ಬೆರಳಿಗಿಂತ ಚಿಕ್ಕದು. ಪ್ರತಿ ಆಕ್ಸಲ್ ಕೊಳವೆಯ ಮೇಲ್ಮೈಯಲ್ಲಿ ಬ್ರೀದರ್ ಎಂಬ ಪುಟ್ಟ ಉಸಿರುಮೂತಿ ಇರುತ್ತದೆ. ಒಳಗಿನ ಗಾಳಿ ಬಿಸಿಯಾಗಿ ಹಿಗ್ಗಿದಾಗ ಹೊರಬಿಡುವುದು, ತಣ್ಣಗಾದಾಗ ಒಳಗೆಳೆದುಕೊಳ್ಳುವುದು ಅದರ ಕೆಲಸ. ಅದು ಕೆಸರಿನಿಂದ ಮುಚ್ಚಿಹೋದಾಗ ಏನಾಗುತ್ತದೆ ಎಂದು ಲೆಕ್ಕ ಹಾಕಿ ನೋಡಿ. 25 ಡಿಗ್ರಿಯಲ್ಲಿದ್ದ ಗಾಳಿ ಮುಚ್ಚಿದ ಪೆಟ್ಟಿಗೆಯಲ್ಲಿ 80 ಡಿಗ್ರಿಗೆ ಏರಿದರೆ ಅದರ ಒತ್ತಡ ಸುಮಾರು ಶೇ. 18ರಷ್ಟು ಹೆಚ್ಚುತ್ತದೆ. ಆ ಒತ್ತಡಕ್ಕೆ ಸುಲಭದ ಹೊರದಾರಿ ಆಕ್ಸಲ್ ತುದಿಯ ಆಯಿಲ್ ಸೀಲ್. ಆಯಿಲ್ ಅಲ್ಲಿಂದ ಬ್ರೇಕ್ ಡ್ರಮ್‌ಗೆ ಇಳಿಯುತ್ತದೆ.

ಇನ್ನು ಅದೇ ಬಿಸಿ ಡಿಫರೆನ್ಷಿಯಲ್ ಹೊತ್ತ ಗಾಡಿ ಮಳೆಗಾಲದ ಹಳ್ಳಕ್ಕೆ ಇಳಿಯುವುದನ್ನು ಯೋಚಿಸಿ. 80ರಲ್ಲಿದ್ದ ಒಳಗಿನ ಗಾಳಿ 30 ಡಿಗ್ರಿಗೆ ಕುಸಿದರೆ ಒತ್ತಡ ಏಳರಲ್ಲಿ ಒಂದು ಪಾಲು ತಗ್ಗುತ್ತದೆ. ಇದು ಒಂದು ಮೀಟರಿಗೂ ಹೆಚ್ಚು ನೀರನ್ನು ಮೇಲಕ್ಕೆ ಎಳೆಯಬಲ್ಲ ಸೆಳೆತ. ಬ್ರೀದರ್ ಮುಚ್ಚಿದ್ದರೆ ಸೀಲಿನ ತುಟಿಯ ಮೂಲಕ, ತೆರೆದಿದ್ದೂ ನೀರಿನೊಳಗೆ ಮುಳುಗಿದ್ದರೆ ಅದರ ಮೂಲಕವೇ ನೀರು ಒಳಗೆ ಹೋಗುತ್ತದೆ. ಹಾಗಾಗಿ ಸೀಲ್ ಸೋರುತ್ತಿದೆ ಎಂಬ ದೂರು ಬಂದಾಗ ಬ್ರೀದರ್ ನೋಡದೆ ಹೊಸ ಸೀಲ್ ಹಾಕಿದರೆ, ಹೊಸದೂ ಮೂರು ತಿಂಗಳಿಗೆ ಸೋರುತ್ತದೆ. ನಮ್ಮ ಗಾಡಿಯದನ್ನು ಬಿಚ್ಚಿ ಬಾಯಿಂದ ಊದಿದಾಗ ಗಾಳಿ ಹೋಗಲೇ ಇಲ್ಲ. ತಂತಿ ಚುಚ್ಚಿದರೆ ಕುಂಬಾರ ಹುಳ ಕಟ್ಟಿದ ಗಟ್ಟಿ ಮಣ್ಣಿನ ಗೂಡು ಪುಡಿಯಾಗಿ ಉದುರಿತು. ಡೀಸೆಲ್‌ನಲ್ಲಿ ತೊಳೆದು, ಆಯಿಲಿಗೆ ಕರಗದ ರಬ್ಬರ್ ನಳಿಗೆ ಜೋಡಿಸಿ, ಅದರ ತುದಿಯನ್ನು ಲೋಡ್ ಬಾಡಿಯ ಎತ್ತರಕ್ಕೆ ಒಯ್ದು ಕೆಳಮುಖವಾಗಿ ಬಾಗಿಸಿ ಕಟ್ಟಿದ ಮೇಲೆ ಸೀಲ್ ಸೋರುವುದು ನಿಂತಿತು.

ಚಕ್ರದ ಒಳಮೈ ಒದ್ದೆಯಿರುವುದು ಗೇರ್ ಆಯಿಲಿನಿಂದಲೋ ಬ್ರೇಕ್ ಫ್ಲೂಯಿಡ್‌ನಿಂದಲೋ ಎಂಬ ಸಂಶಯ ಬಂದರೆ ಒಂದು ಬಟ್ಟಲು ನೀರಿಗೆ ಆ ದ್ರವದ ಹನಿ ಬಿಡಬೇಕು. ಡಾಟ್-3, ಡಾಟ್-4 ಬ್ರೇಕ್ ಫ್ಲೂಯಿಡ್ ನೀರಿನಲ್ಲಿ ಬೆರೆತುಹೋಗುತ್ತದೆ. ಗೇರ್ ಆಯಿಲ್ ಮೇಲೆ ತೇಲಿ ಬಣ್ಣದ ಪೊರೆಯಾಗಿ ಹರಡುತ್ತದೆ. ಯಾವುದೇ ಆಗಿರಲಿ, ತೊಯ್ದ ಬ್ರೇಕ್ ಶೂಗಳನ್ನು ತೊಳೆದು ಮತ್ತೆ ಬಳಸಬಾರದು. ಚಾರ್ಮಾಡಿಯಂಥ ಘಟ್ಟ ಇಳಿಯುವ ಗಾಡಿಗೆ ಅದು ಪ್ರಾಣದ ಪ್ರಶ್ನೆ.

ಒಳಗೆ ನೀರು ಸೇರಿದ ಆಯಿಲ್ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗುತ್ತದೆ. ನೀರು ಸೇರಿದ ಗಾಡಿಯನ್ನು ನಿಲ್ಲಿಸಿಟ್ಟಿದ್ದರೆ ಬಸಿಯುವ ಪ್ಲಗ್ ಬಿಚ್ಚಿದಾಗ ಮೊದಲು ಬರಿ ನೀರೇ ಬರಬಹುದು. ಸ್ವಲ್ಪವೇ ಸೇರಿದ್ದು ಕಣ್ಣಿಗೆ ಕಾಣದಿದ್ದರೆ, ಕಾದ ತವದ ಮೇಲೆ ಬಯಲಿನಲ್ಲಿ ನಿಂತು ಒಂದು ಹನಿ ಹಾಕಿದಾಗ ಚಿಟಪಟ ಎಂದು ಗುಳ್ಳೆಯೇಳುವುದರಿಂದ ತಿಳಿಯುತ್ತದೆ. ಆ ತವ ಮತ್ತೆ ಅಡುಗೆಮನೆಗೆ ಹೋಗಬಾರದು. ನೀರು ಸೇರಿದ್ದು ಖಚಿತವಾದ ಮೇಲೆ ಕೊಯ್ಲು ಮುಗಿಯಲಿ ಎಂದು ಕಾಯಬಾರದು, ಬೇರಿಂಗ್‌ಗಳಿಗೆ ತುಕ್ಕು ಹಿಡಿಯಲು ಹೆಚ್ಚು ದಿನ ಬೇಕಾಗಿಲ್ಲ. ಪೂರ್ತಿ ಬಸಿದು, ಅದೇ ದರ್ಜೆಯ ಅಗ್ಗದ ಆಯಿಲ್ ತುಂಬಿ, ಹದಿನೈದು–ಇಪ್ಪತ್ತು ಕಿಲೋಮೀಟರ್ ನಿಧಾನವಾಗಿ ಓಡಿಸಿ ಬಿಸಿಯಲ್ಲೇ ಮತ್ತೆ ಬಸಿದರೆ ಉಳಿದ ನೀರು ಅದರೊಂದಿಗೆ ಬರುತ್ತದೆ. ಬಂದದ್ದು ಇನ್ನೂ ಮಬ್ಬಾಗಿದ್ದರೆ ಇನ್ನೊಮ್ಮೆ ಹೀಗೆ ಮಾಡಿದ ಮೇಲೆಯೇ ಒಳ್ಳೆಯ ಆಯಿಲ್ ಹಾಕಬೇಕು. ಡೀಸೆಲ್ ತುಂಬಿ ತೊಳೆಯುವ ರೂಢಿಯನ್ನು ನಾನು ಒಪ್ಪುವುದಿಲ್ಲ; ಮೂಲೆಗಳಲ್ಲಿ ಉಳಿಯುವ ಡೀಸೆಲ್ ಹೊಸ ಆಯಿಲನ್ನು ತೆಳುವಾಗಿಸುತ್ತದೆ.

ಒಂದು ಖಾಲಿ, ಪಕ್ಕದ್ದು ಭರ್ತಿ

ಹೊರಗೆ ಹನಿ ಸೋರದೆ ಗೇರ್‌ಬಾಕ್ಸ್ ಆಯಿಲ್ ಕಡಿಮೆಯಾಗುತ್ತಿದ್ದರೆ ಅದು ಎಲ್ಲಿಗೆ ಹೋಯಿತು ಎಂಬುದು ಮೊದಲ ಬಾರಿ ಎದುರಾದಾಗ ತಲೆ ಕೆಡಿಸುವ ಪ್ರಶ್ನೆ. ನಮ್ಮ ಪಿಕಪ್‌ನಲ್ಲಿ ಮೂರನೆಯ ಗೇರ್‌ನಲ್ಲಿ ಏರು ಹತ್ತುವಾಗ ಗೊರಗೊರ ಸದ್ದು ಆರಂಭವಾಯಿತು. ಗಾಡಿಯ ಅಡಿ ಒಣಗಿತ್ತು. ತೋರಿಸಿದ ವರ್ಕ್‌ಶಾಪ್‌ನವರು ಎರಡು ಸಲ ಗೇರ್‌ಬಾಕ್ಸ್‌ಗೆ ಆಯಿಲ್ ಕೂಡಿಸಿ ಕಳುಹಿಸಿದರು, ಎರಡು ಸಲವೂ ತಿಂಗಳೊಳಗೆ ಸದ್ದು ಮರಳಿತು. ಮೂರನೆಯ ಸಲ ನಾವೇ ಎರಡೂ ಪೆಟ್ಟಿಗೆಗಳನ್ನು ಬೇರೆ ಬೇರೆ ಅಳತೆಪಾತ್ರೆಗಳಿಗೆ ಬಸಿದೆವು. ಗೇರ್‌ಬಾಕ್ಸ್‌ನಿಂದ ಕೈಪಿಡಿ ಹೇಳುವುದಕ್ಕಿಂತ ಮುಕ್ಕಾಲು ಲೀಟರಿನಷ್ಟು ಕಡಿಮೆ ಬಂದಿತು. ಟ್ರಾನ್ಸ್‌ಫರ್ ಕೇಸ್‌ನಿಂದ ಅಷ್ಟೇ ಹೆಚ್ಚು ಬಂದಿತು. ಅಲ್ಲಿ ಇರಬೇಕಾದದ್ದು ಕೆಂಪು ಎಟಿಎಫ್. ಪಾತ್ರೆಗೆ ಬಿದ್ದದ್ದು ಜೋನಿಬೆಲ್ಲದ ಬಣ್ಣದ, ಗೇರ್ ಆಯಿಲಿನ ಗಾಟು ವಾಸನೆಯ ದ್ರವ.

ಎರಡು ಪೆಟ್ಟಿಗೆಗಳ ನಡುವೆ ಗೇರ್‌ಬಾಕ್ಸ್‌ನ ಔಟ್‌ಪುಟ್ ಶಾಫ್ಟ್ ಹಾದುಹೋಗುವ ಕಡೆ ಒಂದು ಸೀಲ್ ಇರುತ್ತದೆ. ಅದು ಸವೆದರೆ ಆಯಿಲ್ ಹೊರಗೆ ಕಾಣದೆ ಒಂದರಿಂದ ಇನ್ನೊಂದಕ್ಕೆ ಜಾರುತ್ತದೆ. ಹಳೆಯ ವಿಲ್ಲಿಸ್ ಮಾದರಿಯ ಜೀಪುಗಳನ್ನು ಇಟ್ಟುಕೊಂಡವರಿಗೆ ಈ ಕಾಯಿಲೆ ಚೆನ್ನಾಗಿ ಗೊತ್ತು. ಅಲ್ಲಿ ಎರಡಕ್ಕೂ ಒಂದೇ ಬಗೆಯ ಗೇರ್ ಆಯಿಲ್ ಆದ್ದರಿಂದ ಹಾನಿ ಸ್ವಲ್ಪ ಕಡಿಮೆ. ಎಟಿಎಫ್ ಬಳಸುವ ಸರಪಳಿ ಮಾದರಿಯಲ್ಲಿ ಮಾತ್ರ ಗೇರ್‌ಬಾಕ್ಸ್ ಹಸಿವಿನಿಂದ, ಟ್ರಾನ್ಸ್‌ಫರ್ ಕೇಸ್ ಬೇರೆಯ ಆಯಿಲಿನಿಂದ, ಎರಡೂ ಒಟ್ಟಿಗೆ ಕೆಡುತ್ತವೆ. ಆಯಿಲ್ ಕೂಡಿಸುತ್ತ ಹೋಗುವುದು ಇದಕ್ಕೆ ಪರಿಹಾರವಾಗುವುದಿಲ್ಲ. ಟ್ರಾನ್ಸ್‌ಫರ್ ಕೇಸ್ ಕಳಚಿ ಸೀಲ್ ಬದಲಿಸಲೇಬೇಕು, ಕಳಚಿದಾಗ ಸೀಲ್ ಕೂರುವ ಶಾಫ್ಟ್ ಮೇಲೆ ಉಗುರಿಗೆ ತಾಗುವಂಥ ಗೆರೆ ಬಿದ್ದಿದೆಯೇ, ಬ್ರೀದರ್ ತೆರೆದಿದೆಯೇ ಎಂಬುದನ್ನೂ ನೋಡಬೇಕು. ನಮ್ಮದರಲ್ಲಿ ಲೇ ಶಾಫ್ಟ್‌ನ ಒಂದು ಬೇರಿಂಗ್ ಅಷ್ಟರಲ್ಲಿ ಹೋಗಿಯಾಗಿತ್ತು. ಮೊದಲ ಸಲವೇ ಎರಡೂ ಪ್ಲಗ್ ಬಿಚ್ಚಿ ನೋಡಿದ್ದರೆ ಅದು ಉಳಿಯುತ್ತಿತ್ತು ಎಂಬ ಬೇಸರ ನನಗೆ ಈಗಲೂ ಇದೆ.

ಫೋರ್‌ವ್ಹೀಲ್‌ನಲ್ಲಿ ಬಿಗಿಯುವುದು

ಒಣಗಿದ ಟಾರು ರಸ್ತೆಯಲ್ಲಿ ಫೋರ್‌ವ್ಹೀಲ್ ಹಾಕಿ ತಿರುಗಿಸಿದಾಗ ಗಾಡಿ ಬಿಗಿಯುವುದು, ಆಮೇಲೆ ಲಿವರ್ ಟು-ವ್ಹೀಲ್‌ಗೆ ಬಾರದೆ ಸಿಕ್ಕಿಕೊಳ್ಳುವುದು ದೋಷವಲ್ಲ. ಪಾರ್ಟ್-ಟೈಮ್ ವ್ಯವಸ್ಥೆಯಲ್ಲಿ ಮುಂದಿನ, ಹಿಂದಿನ ಶಾಫ್ಟ್‌ಗಳ ನಡುವೆ ಡಿಫರೆನ್ಷಿಯಲ್ ಇಲ್ಲ; ತಿರುವಿನಲ್ಲಿ ಮುಂದಿನ ಚಕ್ರಗಳು ಹೆಚ್ಚು ದೂರ ಸಾಗಬೇಕಾದರೂ ಎರಡೂ ಶಾಫ್ಟ್‌ಗಳು ಒಂದೇ ವೇಗದಲ್ಲಿ ತಿರುಗಲೇಬೇಕು. ಕೆಸರಿನಲ್ಲಿ ಚಕ್ರ ಜಾರಿ ಈ ವ್ಯತ್ಯಾಸ ಕಳೆದುಹೋಗುತ್ತದೆ, ಟಾರಿನಲ್ಲಿ ಅದು ಶಾಫ್ಟ್‌ಗಳನ್ನು ತಿರುಚುತ್ತ ಸೇರಿಕೊಳ್ಳುತ್ತದೆ. ಹಿಂದಕ್ಕೆ ನಾಲ್ಕೈದು ಮೀಟರ್ ನೇರವಾಗಿ ಚಲಿಸಿದರೆ ಸಾಮಾನ್ಯವಾಗಿ ಲಿವರ್ ಸಡಿಲವಾಗುತ್ತದೆ.

ನೇರ ರಸ್ತೆಯಲ್ಲೂ ಬಿಗಿಯುತ್ತಿದ್ದರೆ ಟೈರ್ ಅಳೆಯಬೇಕು. 700 ಮಿಲಿಮೀಟರ್ ವ್ಯಾಸದ ಹೊಸ ಟೈರ್ ಮುಂದಿದ್ದು, ಹಿಂದಿನದು 6 ಮಿಲಿಮೀಟರ್ ಸವೆದಿದ್ದರೆ ಹಿಂದಿನದರ ವ್ಯಾಸ 688 ಆಗುತ್ತದೆ. ಆಗ ಪ್ರತಿ ಕಿಲೋಮೀಟರಿಗೆ ಹಿಂದಿನ ಚಕ್ರ ಮುಂದಿನದಕ್ಕಿಂತ ಸುಮಾರು ಎಂಟು ಸುತ್ತು ಹೆಚ್ಚು ತಿರುಗಬೇಕು. ಆ ಎಂಟು ಸುತ್ತುಗಳ ಭಾರವನ್ನು ಟ್ರಾನ್ಸ್‌ಫರ್ ಕೇಸ್‌ನ ಸರಪಳಿಯೇ ಹೊರುತ್ತದೆ. ಯಾವ ಆಯಿಲೂ ಇದನ್ನು ಸರಿಪಡಿಸಲಾರದು. ನಾಲ್ಕು ಟೈರುಗಳೂ ಸಮವಾಗಿರಬೇಕು.

ನಿಧಾನದ ಬಿಗಿ ತಿರುವಿನಲ್ಲಿ, ಟು-ವ್ಹೀಲ್‌ನಲ್ಲೇ, ಹಿಂದಿನಿಂದ ನಡುಕದ ಜೊತೆ ಕಟಕಟ ಸದ್ದು ಬಂದರೆ ಅದು ಬೇರೆಯದು. ಹಿಂದಿನ ಡಿಫರೆನ್ಷಿಯಲ್ ಲಿಮಿಟೆಡ್-ಸ್ಲಿಪ್ (ಒಂದೇ ಚಕ್ರ ಸುಮ್ಮನೆ ಜಾರಿ ತಿರುಗುವುದನ್ನು ತಡೆಯುವ ಬಗೆಯದು) ಆಗಿದ್ದು ಅದರ ಕ್ಲಚ್ ಪ್ಲೇಟುಗಳು ನಡುಗದೆ ಜಾರಲು ಬೇಕಾದ ಘರ್ಷಣೆ ಮಾರ್ಪಾಡಕ (ಫ್ರಿಕ್ಷನ್ ಮಾಡಿಫೈಯರ್) ಆಯಿಲಿನಲ್ಲಿ ಇಲ್ಲ ಎಂದು ಇದರಿಂದ ತಿಳಿಯಬೇಕು. ‘ಎಲ್‌ಎಸ್’ ಎಂಬ ಗುರುತಿನ ಜಿಎಲ್-5 ಹಾಕಿ, ಖಾಲಿ ಮೈದಾನದಲ್ಲಿ ಎಂಟರ ಆಕಾರದಲ್ಲಿ ಹತ್ತಾರು ಸುತ್ತು ನಿಧಾನವಾಗಿ ಓಡಿಸಿದರೆ ಬಹುತೇಕ ಅಡಗುತ್ತದೆ.

ಬದಲಿಸುವ ಕೆಲಸ

ಆಯಿಲ್ ಬಿಸಿಯಿರುವಾಗ ಬಸಿದರೆ ತಳದ ಕೊಳೆಯೂ ಬರುತ್ತದೆ. ಕೈ ಸುಡದಷ್ಟು ಬಿಸಿ ಸಾಕು. ಬಸಿಯುವ ಪ್ಲಗ್‌ಗೆ ಕೈ ಹಾಕುವ ಮುನ್ನ ತುಂಬುವ ಪ್ಲಗ್ ಬಿಚ್ಚಿಕೊಳ್ಳಬೇಕು. ಕೆಳಗಿನದನ್ನು ಬಿಚ್ಚಿ ಆಯಿಲೆಲ್ಲ ಸುರಿದ ಮೇಲೆ ಮೇಲಿನದು ತುಕ್ಕು ಹಿಡಿದು ಕದಲದೆ ಹೋದರೆ ಗಾಡಿ ಅಲ್ಲಿಯೇ ನಿಲ್ಲುತ್ತದೆ. ಚೌಕದ ಅಥವಾ ಷಟ್ಕೋನದ ಗುಳಿಯಿರುವ ಪ್ಲಗ್‌ಗೆ ಸರಿಯಾದ ಅಳತೆಯ ಕೀಲಿಯನ್ನೇ ಬಳಸಬೇಕು. ಮೂಲೆ ಸವೆದ ಮೇಲೆ ಬೆಸುಗೆಯೊಂದೇ ಗತಿ. ಪ್ಲಗ್ ಸುತ್ತಲಿನ ಕೆಸರನ್ನು ಮೊದಲೇ ತಂತಿ ಬ್ರಷ್‌ನಿಂದ ಉಜ್ಜಿ ಒರೆಸಬೇಕು, ಇಲ್ಲವಾದರೆ ಅದು ಒಳಗೆ ಬೀಳುತ್ತದೆ. ಒತ್ತಿ ಕೂರುವ ತಾಮ್ರ ಅಥವಾ ಅಲ್ಯೂಮಿನಿಯಂ ವಾಷರ್‌ಗಳನ್ನು ಪ್ರತಿ ಸಲ ಹೊಸದಾಗಿ ಹಾಕಬೇಕು. ಬಂದದ್ದನ್ನು ಅಳೆಯದೆ ಚೆಲ್ಲಬಾರದು ಎಂಬುದಕ್ಕೆ ಕಾರಣ ಮೇಲಿನ ಕಥೆಯಲ್ಲೇ ಇದೆ. ಹೊಸದನ್ನು ಕೈಪಂಪಿನಿಂದ ಹನಿ ಹೊರಗೆ ಬೀಳುವವರೆಗೆ ತುಂಬಿ, ಹತ್ತು ನಿಮಿಷ ಕಾದು, ಮತ್ತೊಮ್ಮೆ ನೋಡಿ ಮುಚ್ಚಬೇಕು. ಐದಾರು ಕಿಲೋಮೀಟರ್ ಓಡಿಸಿ, ತಣ್ಣಗಾದ ಮೇಲೆ ಇನ್ನೊಮ್ಮೆ ಮಟ್ಟ ನೋಡುವುದು ಒಳ್ಳೆಯದು.

ಕೈಪಿಡಿಯಲ್ಲಿ ಸಾಮಾನ್ಯ ಬಳಕೆಗೆ ಒಂದು ಅವಧಿ, ಕಠಿಣ ಬಳಕೆಗೆ ಅದಕ್ಕಿಂತ ಕಡಿಮೆ ಅವಧಿ ಬರೆದಿರುತ್ತದೆ. ತೋಟದ ಗಾಡಿ ಎರಡನೆಯ ಗುಂಪಿಗೇ ಸೇರಿದ್ದು. ನಾನು ಕಿಲೋಮೀಟರ್ ಎಷ್ಟೇ ಆಗಿರಲಿ, ಮಳೆ ನಿಂತ ಮೇಲೆ ಕೊಯ್ಲಿನ ಹೊರೆ ಬೀಳುವ ಮೊದಲು ನಾಲ್ಕೂ ಪ್ಲಗ್ ಬಿಚ್ಚಿ ನೋಡುತ್ತೇನೆ. ಹಳ್ಳದಲ್ಲಿ ಚಕ್ರದ ಗುಂಬಕ್ಕಿಂತ ಮೇಲೆ ನೀರು ಬಂದಿದ್ದರೆ ಅದೇ ವಾರ ನೋಡುತ್ತೇನೆ. ತಾರೀಕು, ಕಿಲೋಮೀಟರ್, ಪೆಟ್ಟಿಗೆಯ ಹೆಸರು, ಹಾಕಿದ ಆಯಿಲಿನ ದರ್ಜೆ, ಬಸಿದಾಗ ಬಂದ ಪ್ರಮಾಣ ಇವಿಷ್ಟನ್ನು ಬರೆದ ಪುಸ್ತಕ ಗಾಡಿಯಲ್ಲೇ ಇರುತ್ತದೆ, ಮುಂದೆ ಯಾರ ಕೈಗೆ ಗಾಡಿ ಹೋದರೂ ಯಾವ ಡಬ್ಬ ಎಂದು ಕೇಳಬೇಕಾಗುವುದಿಲ್ಲ.

ಬಸಿದ ಆಯಿಲನ್ನು ಬೇಲಿ ಗೂಟಕ್ಕೆ ಬಳಿಯುವುದು, ಗೆದ್ದಲಿಗೆಂದು ಬುಡಕ್ಕೆ ಸುರಿಯುವುದು ತೋಟಗಳಲ್ಲಿ ಹಳೆಯ ಅಭ್ಯಾಸ. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಪ್ರಕಾರ ಬಳಸಿದ ಆಯಿಲ್ ಅಪಾಯಕಾರಿ ತ್ಯಾಜ್ಯ. ಮೂಡಿಗೆರೆ ತಾಲ್ಲೂಕಿನಲ್ಲೇ ಹೇಮಾವತಿ ಹುಟ್ಟುತ್ತದೆ. ನಮ್ಮ ತೋಟದ ಚರಂಡಿಯ ನೀರೂ ಕೊನೆಗೆ ಅದಕ್ಕೇ ಸೇರುತ್ತದೆ. ಹಾಗಾಗಿ ನಾಲ್ಕು ಪೆಟ್ಟಿಗೆಗಳಿಂದ ಬಂದದ್ದನ್ನು ಹೊಸ ಆಯಿಲಿನ ಖಾಲಿ ಡಬ್ಬಗಳಿಗೇ ತುಂಬಿ, ಮುಚ್ಚಳ ಬಿಗಿದು, ನೋಂದಾಯಿತ ಮರುಸಂಸ್ಕರಣೆಯವರಿಗೆ ಕೊಡುವ ಸಂಗ್ರಾಹಕರು ಬರುವವರೆಗೆ ಷೆಡ್ಡಿನ ನೆರಳಿನಲ್ಲಿ ಇಡುತ್ತೇವೆ.